ಗೋವಾಕ್ಕೆ ಬರುವ ಕನ್ನಡಿಗರೇ, ಮೊದಲು ತಾಲೂಕು ನೋಡಿಕೊಳ್ಳಿ

ಗೋವಾದಲ್ಲಿ ಕೆಲಸ ಸಿಕ್ಕಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ತಾಲೂಕಿನಲ್ಲಿ ಅಂತ. ರಾಜ್ಯವೇನೋ ಚಿಕ್ಕದು. 2011ರ ಜನಗಣತಿಯಲ್ಲಿ 14.58 ಲಕ್ಷ ಜನ, ಅಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಒಂದೂವರೆ ಪಟ್ಟು ಅಷ್ಟೇ. ಆದರೆ ನದಿ ದಾಟಿದರೆ ನೆರೆಹೊರೆಯೇ ಬೇರೆ.

ಸಾಲ್ಸೆಟ್, ಬಾರ್ದೇಸ್ ತಾಲೂಕುಗಳ ಕಡೆ ಕ್ಯಾಥೊಲಿಕ್ ಕುಟುಂಬಗಳು ತುಂಬ ಇವೆ. ಪೋಂಡಾ ಕಡೆ ಮಂಗೇಶಿ, ಶಾಂತಾದುರ್ಗಾ ಅಂತ ದೇವಸ್ಥಾನಗಳ ಸಾಲು. ಪೋರ್ಚುಗೀಸರ ಕಾಟಕ್ಕೆ ದೇವರನ್ನೇ ನದಿ ದಾಟಿಸಿ ತಂದವರ ಊರು ಅದು. ಅದೇ ಜನಗಣತಿಯಲ್ಲಿ ಇಡೀ ರಾಜ್ಯ ಲೆಕ್ಕ ಹಾಕಿದರೆ ಹಿಂದೂಗಳು ಶೇ. 66, ಕ್ರಿಶ್ಚಿಯನ್ನರು ಶೇ. 25, ಮುಸ್ಲಿಮರು ಶೇ. 8ರಷ್ಟು. 'ಗೋವಾ ತುಂಬ ಕ್ರಿಶ್ಚಿಯನ್ನರು' ಅಂತ ಊರಲ್ಲಿ ಹೇಳುವವರಿಗೆ ಇದನ್ನು ತೋರಿಸಿ.

ಇನ್ನು ನಮ್ಮವರು. ನೂರಕ್ಕೆ ನಾಲ್ಕೈದು ಜನರ ಮನೆಮಾತು ಕನ್ನಡ, ಅದರಲ್ಲೂ ಮುರಗಾಂವ್ ತಾಲೂಕಿನಲ್ಲಿ ಹೆಚ್ಚು ಕೇಳಿಸುತ್ತದೆ. ವಾಸ್ಕೋದ ಬೈನಾ, ಪಕ್ಕದ ಝುವಾರಿನಗರದ ಗಲ್ಲಿಗಳಲ್ಲಿ 'ಯಾಕ್ರೀ, ಎಲ್ಲಿಗ್ ಹೊಂಟ್ರಿ' ಅನ್ನುವ ಮಾತು ಸುಮ್ನೆ ಕಿವಿಗೆ ಬೀಳುತ್ತದೆ. 1961ರಲ್ಲಿ ಪೋರ್ಚುಗೀಸರು ಹೋದ ಮೇಲೆ ಬಂದರು, ಗಣಿ, ಕಾರ್ಖಾನೆ, ರಸ್ತೆ, ಕಟ್ಟಡ ಅಂತ ಕೆಲಸ ಹೆಚ್ಚಿತು, ಆಗಿನಿಂದ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಜನ ಬರುತ್ತಲೇ ಇದ್ದಾರೆ. ಬೀಚಿನಲ್ಲಿ ಸರ, ಬಟ್ಟೆ ಮಾರುವ ಲಂಬಾಣಿ ಅಕ್ಕಂದಿರಲ್ಲೂ ತುಂಬ ಜನ ನಮ್ಮ ಕಡೆಯವರೇ. ವೆರ್ಣಾ ಕೈಗಾರಿಕಾ ಪ್ರದೇಶದ ಆಫೀಸಿಗೆ ಬರುವ ನಮ್ಮ ಹುಡುಗರು ಇವರ ಜೊತೆ ಹಿಂದಿಯಲ್ಲಿ ಚೌಕಾಸಿ ಮಾಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬಾಡಿಗೆ ಮನೆ ಎಲ್ಲಿ ಖಾಲಿ ಇದೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಗೊತ್ತಿರುವುದು ಇವರಿಗೇ ಅಲ್ವಾ?

ಕೊಂಕಣಿ ಕಲಿಯಿರಿ. 1987ರ ಕಾನೂನಿನಿಂದ ಅದೇ ಇಲ್ಲಿಯ ರಾಜ್ಯಭಾಷೆ, ಸರ್ಕಾರಿ ಕೆಲಸಕ್ಕೆ ಮರಾಠಿಯೂ ನಡೆಯುತ್ತದೆ. ಅಂಗಡಿಯಲ್ಲಿ ಹಿಂದಿ ಸಾಕು, ಆದರೆ ಪಂಚಾಯತಿಯಲ್ಲಿ ನಾಲ್ಕು ಮಾತು ಕೊಂಕಣಿ ಆಡಿದರೆ ಎದುರಿನವರ ಮುಖವೇ ಬದಲಾಗುತ್ತದೆ. ಹೊರಗಿನವರು ಜಾಸ್ತಿಯಾದರು ಅನ್ನುವ ಅಸಮಾಧಾನ ಇಲ್ಲಿ ನಿಜವಾಗಿಯೂ ಇದೆ, ಘಟ್ಟದ ಮೇಲಿನವರು ಅಂತ ಹೀಯಾಳಿಸುವವರೂ ಸಿಗುತ್ತಾರೆ. ಅದಕ್ಕೆ ಉತ್ತರವಾಗಿ ಕದಂಬರು ಚಾಂದೋರ್‌ನಿಂದ ಆಳಿದ್ದರು, ನಿಮ್ಮ ಸರ್ಕಾರಿ ಬಸ್ಸಿಗೂ ಅವರದೇ ಹೆಸರು ಅಂತ ವಾದಕ್ಕೆ ಇಳಿಯಬೇಡಿ. ಮಹದಾಯಿ ನೀರಿನ ಜಗಳದ ವಿಷಯವನ್ನಂತೂ ಎತ್ತಲೇಬೇಡಿ.

ಮನೆ ಹಿಡಿದ ಕೂಡಲೇ ಬಾಡಿಗೆದಾರರ ಫಾರ್ಮ್ ಪೊಲೀಸ್ ಠಾಣೆಗೆ ಹೋಗಬೇಕು, ಮಾಲೀಕರು ಮರೆತರೆ ನೀವೇ ನೆನಪಿಸಿ. ಸರ್ಕಾರಿ ನೌಕರಿಯ ಆಸೆ ಇದ್ದವರಿಗೆ 15 ವರ್ಷದ ವಾಸದ ಸರ್ಟಿಫಿಕೇಟ್ ಬೇಕು, ಹಾಗಾಗಿ ಮೊದಲ ದಿನದ ಬಾಡಿಗೆ ಕರಾರನ್ನೂ ಎಸೆಯಬೇಡಿ. ಊರಿಗೆ ಹೋಗಲು ಬೆಳಗಾವಿಯವರಿಗೆ ಚೋರ್ಲಾ ಘಾಟ್, ಧಾರವಾಡದವರಿಗೆ ಅನಮೋಡ, ಕಾರವಾರದವರಿಗೆ ಕಾಣಕೋಣ ದಾರಿ. ಮಳೆಗಾಲದಲ್ಲಿ ಘಟ್ಟ ಕುಸಿಯುತ್ತದೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ.