‘ವೆರಿ’ ಸೇರಿಸುವ ಮುನ್ನ: ಇಂಗ್ಲಿಷ್ ಗುಣವಾಚಕಗಳ ತರತಮ ಅರಿಯುವುದು ಹೇಗೆ?

ಕನ್ನಡದಲ್ಲಿ ಹೋಲಿಸುವಾಗ ಗುಣವಾಚಕವನ್ನು ಮುಟ್ಟಬೇಕಾಗಿಲ್ಲ. ‘ಅಣ್ಣನಿಗಿಂತ ತಮ್ಮ ಎತ್ತರ’ ಎಂದಾಗ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಹೊರುತ್ತದೆ. ‘ಎತ್ತರ’ ಇದ್ದಂತೆಯೇ ಇರುತ್ತದೆ. ಇಂಗ್ಲಿಷಿನಲ್ಲಿ ಗುಣವಾಚಕವೇ ರೂಪ ಬದಲಿಸುವುದರಿಂದ ಯಾವ ಪದ ಹೋಲಿಕೆಗೆ ಒಗ್ಗುತ್ತದೆ, ಯಾವುದು ಒಗ್ಗದು ಎಂಬುದನ್ನು ಮೊದಲೇ ತಿಳಿದಿರಬೇಕು.

ಪದ ಸೂಚಿಸುವ ಗುಣಕ್ಕೆ ಮಟ್ಟಗಳಿವೆಯೇ ಎಂದು ಕೇಳಿಕೊಳ್ಳುವುದು ಮೊದಲ ಹೆಜ್ಜೆ. ನೀರು ಸ್ವಲ್ಪ ತಣ್ಣಗಿರಬಹುದು, ಬಹಳ ತಣ್ಣಗೂ ಇರಬಹುದು. ಆದ್ದರಿಂದ ‘ವೆರಿ ಕೋಲ್ಡ್’ ಸರಿ. ‘ಡಿಜಿಟಲ್’ ಹಾಗಲ್ಲ. ಗಡಿಯಾರ ಡಿಜಿಟಲ್ ಆಗಿರುತ್ತದೆ, ಇಲ್ಲವೇ ಆಗಿರುವುದಿಲ್ಲ; ಅದಕ್ಕೆ ‘ವೆರಿ’ ಸಲ್ಲದು.

ಮಟ್ಟಗಳಿದ್ದರೆ ರೂಪವನ್ನು ಗಮನಿಸಿ. ‘ಟಾಲ್’ನಂತಹ ಚಿಕ್ಕ ಪದ ‘ಟಾಲರ್’, ‘ಟಾಲೆಸ್ಟ್’ ಆಗುತ್ತದೆ. ‘ಬ್ಯೂಟಿಫುಲ್’ನಂತಹ ಉದ್ದ ಪದಕ್ಕೆ ಮೊದಲು ‘ಮೋರ್’, ‘ಮೋಸ್ಟ್’ ಬರುತ್ತವೆ. (ನಮ್ಮ ‘ತಾರತಮ್ಯ’ ಹುಟ್ಟಿದ್ದೂ ಸಂಸ್ಕೃತದ ‘ತರ’, ‘ತಮ’ ಎಂಬ ಇಂಥವೇ ಪ್ರತ್ಯಯಗಳಿಂದ, ‘ಗುರುತರ’, ‘ಪ್ರಿಯತಮ’ ಪದಗಳಲ್ಲಿ ಅವನ್ನು ಕಾಣಬಹುದು.) ‘ಮೋರ್ ಬೆಟರ್’ ತಪ್ಪು, ಏಕೆಂದರೆ ‘ಬೆಟರ್’ನಲ್ಲಿಯೇ ‘ಮೋರ್’ ಅಡಗಿದೆ. ‘ವೆರಿ ಟಾಲರ್’ ಕೂಡ ಸಲ್ಲದು. ‘ಮಚ್ ಟಾಲರ್’ ಎನ್ನಬೇಕು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ‘ದ ವಾಟರ್ ಈಸ್ ವೆರಿ ಫ್ರೀಜಿಂಗ್’ ಎಂಬ ವಾಕ್ಯವನ್ನೇ ನೋಡಿ. ‘ಫ್ರೀಜಿಂಗ್’ ಎಂದರೆ ಬರಿಯ ತಣ್ಣಗಲ್ಲ, ಕೊರೆಯುವಷ್ಟು ತಣ್ಣಗೆ. ‘ಎನಾರ್ಮಸ್’ ಎಂದರೆ ಬರಿಯ ದೊಡ್ಡದಲ್ಲ, ಬಹಳ ದೊಡ್ಡದು. ಕನ್ನಡದಲ್ಲಿ ಅರ್ಥ ಹೇಳಿಕೊಳ್ಳುವಾಗ ‘ಬಹಳ’ ತಾನಾಗಿಯೇ ಸೇರಿಕೊಂಡರೆ ಆ ಪದ ಆಗಲೇ ತುದಿ ಮುಟ್ಟಿದೆ ಎಂದು ತಿಳಿಯಬೇಕು. ಅಂಥ ಪದಕ್ಕೆ ‘ಆ್ಯಬ್ಸಲ್ಯೂಟ್ಲಿ’ ಹೊಂದುತ್ತದೆ. ‘ರಿಯಲಿ’ ಎರಡೂ ಬಗೆಯ ಪದಗಳಿಗೆ ಒಗ್ಗುವುದರಿಂದ ಅನುಮಾನವಿದ್ದಾಗ ಅದನ್ನೇ ಬಳಸುವುದು ಕ್ಷೇಮ. ‘ಕ್ವೈಟ್’ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಬ್ರಿಟಿಷ್ ಬಳಕೆಯಲ್ಲಿ ‘ಕ್ವೈಟ್ ಗುಡ್’ ಎಂದರೆ ಸಾಮಾನ್ಯವಾಗಿ ತಕ್ಕಮಟ್ಟಿಗೆ ಒಳ್ಳೆಯದು, ‘ಕ್ವೈಟ್ ಇಂಪಾಸಿಬಲ್’ ಎಂದರೆ ಸಂಪೂರ್ಣ ಅಸಾಧ್ಯ.

ಕೊನೆಗೆ ಉಳಿಯುವುದು ‘ಯುನೀಕ್’, ‘ಪರ್ಫೆಕ್ಟ್’ನಂತಹ ವಿವಾದದ ಪದಗಳು. ಪರಿಪೂರ್ಣವಾದದ್ದು ಇನ್ನಷ್ಟು ಪರಿಪೂರ್ಣವಾಗದು ಎಂಬುದು ತರ್ಕ. ಆದರೆ 1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲಿಯೇ ‘ಮೋರ್ ಪರ್ಫೆಕ್ಟ್ ಯೂನಿಯನ್’ ಎಂದಿದೆ. ಮಾತಿನಲ್ಲಿ ‘ವೆರಿ ಯುನೀಕ್’ ಕೇಳಿಬಂದರೆ ತಿದ್ದಲು ಹೋಗಬೇಕಾಗಿಲ್ಲ. ಪರೀಕ್ಷೆಯಲ್ಲಾಗಲಿ ಅರ್ಜಿಯಲ್ಲಾಗಲಿ ‘ಆಲ್ಮೋಸ್ಟ್ ಯುನೀಕ್’ ಅಥವಾ ‘ವೆರಿ ಅನ್‌ಯೂಶುವಲ್’ ಎಂದು ಬರೆಯುವುದು ಮೇಲು.