ಸಾರುವೆ ಕಟ್ಟಿಸುವ ಮುನ್ನ

ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವವರು, ಹೊರಗೋಡೆಯ ಪ್ಲಾಸ್ಟರಿಂಗ್ ಶುರುವಾಗುವ ಮೊದಲು ಒಮ್ಮೆ ಸಾರುವೆಯ, ಅಂದರೆ ಕೆಲಸಗಾರರು ನಿಂತು ಕೆಲಸ ಮಾಡಲು ಕಟ್ಟುವ ತಾತ್ಕಾಲಿಕ ಅಟ್ಟಣಿಗೆಯ, ಬುಡ ನೋಡಿ. ನಮ್ಮ ಕಡೆ ಇನ್ನೂ ನೀಲಗಿರಿ ಗಳಗಳನ್ನು ಹಗ್ಗದಲ್ಲಿ ಬಿಗಿದು ಕೆಲಸ ಸಾಗಿಸುತ್ತಾರೆ. ಬಿಸಿಲು, ಮಳೆಗೆ ಹಗ್ಗ ಸಡಿಲವಾಗುತ್ತದೆ. ಮೆತ್ತಗಾದ ಮಣ್ಣಿನಲ್ಲಿ ಗಳ ಕುಸಿಯುತ್ತದೆ. ಹೆಚ್ಚು ಎತ್ತರವಿದ್ದರೆ ಕಬ್ಬಿಣದ ಪೈಪಿನ ಸಾರುವೆಯನ್ನೇ ಕೇಳಿ. ಪೈಪಿನ ಬುಡಕ್ಕೆ ಬೇಸ್ ಪ್ಲೇಟ್ (ಅಗಲವಾದ ಲೋಹದ ತಟ್ಟೆ), ಅದರಡಿ ಗಟ್ಟಿ ಹಲಗೆ ಇರಲಿ. ಇಟ್ಟಿಗೆ ಚೂರು ಜೋಡಿಸಿ ಎತ್ತರ ಸರಿಮಾಡಲು ಬಿಡಲೇಬೇಡಿ. ಸಾರುವೆಯನ್ನು ಗೋಡೆಗೆ ಅಲ್ಲಲ್ಲಿ ಬಿಗಿಯಬೇಕು, ಓಡಾಡುವ ಹಲಗೆಯ ಹೊರಬದಿಗೆ ಸೊಂಟದೆತ್ತರದ ಅಡ್ಡಕಂಬಿ ಬೇಕು. ಏಣಿ 4 ಅಡಿ ಎತ್ತರಕ್ಕೆ 1 ಅಡಿಯಂತೆ ಓರೆಯಾಗಿರಲಿ. ಇದಕ್ಕೆಲ್ಲ ಐಎಸ್ 3696 ಎಂಬ ಭಾರತೀಯ ಮಾನಕವೇ ಇದೆ, ಗುತ್ತಿಗೆದಾರರಿಗೆ ಹೆಸರು ಹೇಳಿಯೇ ಕೇಳಿ.

ನನಗೆ ಹೆಚ್ಚು ಭಯವಿರುವುದು ಕರೆಂಟ್ ತಂತಿಯದು. 30x40 ಸೈಟಿನ ಮುಂದೆಯೇ ಲೈನ್ ಹಾದುಹೋಗಿರುತ್ತದೆ, ಪೈಪ್ ಮೇಲೆತ್ತುವಾಗ ಒಂದು ಕ್ಷಣ ತಗುಲಿದರೂ ಜೀವ ಹೋಗುತ್ತದೆ. ತಂತಿ ಹತ್ತಿರವಿದ್ದರೆ ಬೆಸ್ಕಾಂ ಉಪವಿಭಾಗದ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು, ಲೈನ್ ಆಫ್ ಮಾಡಿಸಿಕೊಂಡೇ ಸಾರುವೆ ಏರಿಸಿ, ಇಳಿಸಿ.

ಸಾರುವೆಯ ಕಂಬ ಫುಟ್‌ಪಾತಿಗೆ ಬರುವುದಾದರೆ ಪಾಲಿಕೆಯ ವಾರ್ಡ್ ಎಂಜಿನಿಯರ್ ಹತ್ತಿರ ಲಿಖಿತ ಅನುಮತಿ ಪಡೆಯಿರಿ. ನಕ್ಷೆ ಮಂಜೂರಾತಿಯೊಂದೇ ಸಾಲದು. ರಸ್ತೆ ಬದಿಗೆ ಹಸಿರು ಬಲೆ ಕಟ್ಟಿಸಿ.

ಇನ್ನೊಂದು ಮಾತು. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ನಿಮ್ಮ ಗಾರೆಯವರ ಬಳಿ ಕಾರ್ಡ್ ಇದೆಯೇ ಎಂದು ಇವತ್ತೇ ವಿಚಾರಿಸಿ, ಇಲ್ಲದಿದ್ದರೆ ಮಾಡಿಸಲು ನೆರವಾಗಿ.