ಫಸ್ಟ್ ಪೀಸ್ ಹಿಡಿದು ನಿಂತವರ ಲೆಕ್ಕ

ಪೀಣ್ಯದ ನಮ್ಮ ಮಷಿನ್ ಶಾಪ್‌ನಲ್ಲಿ ಬೆಳಗ್ಗೆ ಎಂಟಾದರೆ ಇನ್‌ಸ್ಪೆಕ್ಷನ್ ರೂಮಿನ ಬಾಗಿಲಲ್ಲಿ ಸಾಲು. ಆಪರೇಟರ್‌ಗಳ ಒಂದು ಕೈಯಲ್ಲಿ ಫಸ್ಟ್ ಪೀಸ್, ಇನ್ನೊಂದರಲ್ಲಿ ಡ್ರಾಯಿಂಗ್. ಫಸ್ಟ್ ಪೀಸ್ ಅಂದರೆ ಸೆಟ್ಟಿಂಗ್ ಬದಲಿಸಿದ ಮೇಲೆ ಮಷಿನ್‌ನಿಂದ ಬರುವ ಮೊದಲ ಪೀಸ್; ಇನ್‌ಸ್ಪೆಕ್ಟರ್ ಅದನ್ನು ಅಳೆದು ಒಪ್ಪುವವರೆಗೆ ಮುಂದಿನದನ್ನು ಮಾಡುವಂತಿಲ್ಲ. ಪೀಸ್‌ನಿಂದ ಕೂಲೆಂಟ್ ತೊಟ್ಟಿಕ್ಕುತ್ತಿರುತ್ತಿತ್ತು. ಅತ್ತ ಮಷಿನ್‌ಗಳು ಸುಮ್ನೆ ನಿಂತಿರುತ್ತಿದ್ದವು. ಆದರೂ ಮೀಟಿಂಗ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನೊಂದು ಮಷಿನ್ ಬೇಕು.

ನನ್ನ ಅನುಮಾನ ಬೇರೆ ಕಡೆ ಇತ್ತು. ಟರ್ನಿಂಗ್‌ಗೆ ಒಬ್ಬ ಇನ್‌ಸ್ಪೆಕ್ಟರ್, ಮಿಲ್ಲಿಂಗ್‌ಗೆ ಒಬ್ಬರು. ಇಬ್ಬರೂ ಬೇರೆ ಬೇರೆ ಸೆಕ್ಷನ್ ಹೆಡ್ ಕೈಕೆಳಗೆ. ಒಬ್ಬರು ಖಾಲಿ ಕೂತಿದ್ದರೂ ಇನ್ನೊಬ್ಬರ ಪೀಸ್ ಮುಟ್ಟುವಂತಿರಲಿಲ್ಲ. ಒಪ್ಪಿಗೆಗೆ ಕಾಯುವುದನ್ನೂ ಕಂಪ್ಯೂಟರ್ ಮಾಡೆಲ್‌ಗೆ ಹಾಕಬಹುದು ಎಂದು ಸ್ಟ್ಯಾನ್‌ಫರ್ಡ್‌ನ ರೇಮಂಡ್ ಲೆವಿಟ್ ತಂಡ 1990ರ ದಶಕದಲ್ಲೇ ಪ್ರಾಜೆಕ್ಟ್ ತಂಡದ ಕೆಲಸವನ್ನು ಅನುಕರಿಸುವ ‘ವರ್ಚುವಲ್ ಡಿಸೈನ್ ಟೀಮ್’ ಎಂಬ ಪ್ರೋಗ್ರಾಂನಲ್ಲಿ ತೋರಿಸಿತ್ತು. ಆ ಧೈರ್ಯದ ಮೇಲೆ ಇಂಥ ಸಾಲುಗಳನ್ನು ಕಂಪ್ಯೂಟರ್‌ನಲ್ಲೇ ಓಡಿಸಿ ನೋಡಲು ಪೈಥಾನ್ ಭಾಷೆಯ ಸಿಮ್‌ಪೈ ಹಿಡಿದು ಕೂತೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮೊದಲು ಆಗಿನ ವ್ಯವಸ್ಥೆಯನ್ನೇ ಓಡಿಸಿದೆ. ರಿಜಿಸ್ಟರ್‌ನಲ್ಲಿದ್ದ ಕಾಯುವ ಸಮಯದ ಅರ್ಧವೂ ಬರಲಿಲ್ಲ. ಪ್ರಿಂಟ್ ತಗೊಂಡು ಹಿರಿಯ ಇನ್‌ಸ್ಪೆಕ್ಟರ್ ಹತ್ತಿರ ಹೋದೆ.

“ಬಿಸಿ ಪೀಸ್ ಅಳೆಯೋಕಾಗುತ್ತಾ ಸಾರ್? ತಣ್ಣಗಾಗೋವರೆಗೂ ಟೇಬಲ್ ಮೇಲೆ ಇಟ್ಟಿರ್ತೀವಲ್ಲ” ಎಂದರು.

ಹೌದಲ್ವಾ! 100 ಮಿಮೀ ಉಕ್ಕಿನ ಬೋರ್ (ಪೀಸ್‌ನಲ್ಲಿ ಕೊರೆದ ತೂತು) 10 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಹತ್ತಿರ ಹತ್ತಿರ 11 ಮೈಕ್ರಾನ್ (ಮಿಮೀಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದೊಡ್ಡದಾಗಿರುತ್ತದೆ. ತಣ್ಣಗಾಗುವ ಹೊತ್ತು ಸೇರಿಸಿದೆ. ಎಲ್ಲರೂ ಬೆಳಗ್ಗೆ ಒಟ್ಟಿಗೇ ಸೆಟ್ಟಿಂಗ್ ಬದಲಿಸುವುದನ್ನೂ ಸೇರಿಸಿದೆ. ಆಗ ಲೆಕ್ಕ ರಿಜಿಸ್ಟರ್‌ಗೆ ಹತ್ತಿರ ಬಂತು. ಇದಾಗುವವರೆಗೆ ಹೊಸ ವ್ಯವಸ್ಥೆಯ ಮಾತೇ ಎತ್ತಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಇಬ್ಬರಿಗೂ ಸೇರಿ ಒಂದೇ ಸಾಲು ಮಾಡಿ ನೋಡಿದೆ. ಕ್ಯೂಯಿಂಗ್ ಥಿಯರಿಯ, ಅಂದರೆ ಸಾಲುಗಳ ಗಣಿತದ, ಸರಳ ಲೆಕ್ಕವೇ ದಾರಿ ತೋರಿಸುತ್ತದೆ. ಪೀಸ್ ಬರುವ ಹೊತ್ತು, ಅಳೆಯುವ ಹೊತ್ತು ಎರಡೂ ಏರುಪೇರು. ಬೇರೆ ಬೇರೆ ಸಾಲಿದ್ದು, ಪ್ರತಿ ಇನ್‌ಸ್ಪೆಕ್ಟರ್ ಶೇ. 80ರಷ್ಟು ಸಮಯ ಬಿಜಿ ಅಂದುಕೊಳ್ಳಿ. ಆಗ 10 ನಿಮಿಷದ ಕೆಲಸಕ್ಕೆ ಸರಾಸರಿ 40 ನಿಮಿಷ ಕಾಯಬೇಕು. ಅದೇ ಇಬ್ಬರು ಒಂದೇ ಸಾಲನ್ನು ಹಂಚಿಕೊಂಡರೆ ಸುಮಾರು 18 ನಿಮಿಷ ಸಾಕು. ನಮ್ಮ ಮಾಡೆಲ್‌ನಲ್ಲಿ ಇಷ್ಟು ಇಳಿಯಲಿಲ್ಲ, ಬೆಳಗಿನ ನೂಕುನುಗ್ಗಲು ಹಾಗೇ ಇತ್ತು. ಆದರೂ ಹೊಸ ಮಷಿನ್‌ಗಿಂತ ಜಾಸ್ತಿ ಲಾಭ ಕಂಡಿತು.

ಇಬ್ಬರನ್ನೂ ಕ್ವಾಲಿಟಿ ಹೆಡ್ ಕೆಳಗೆ ತಂದೆವು. ಸೆಕ್ಷನ್ ಹೆಡ್‌ಗಳಿಗೆ ಬೇಜಾರಾಯಿತು. “ನಮ್ಮ ಹುಡುಗನ್ನ ಕಿತ್ಕೊಂಡ್ರಿ” ಎಂದರು. ಆ ನೋವು ಯಾವ ಮಾಡೆಲ್‌ನಲ್ಲೂ ಕಾಣುವುದಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ ಅಂಕಿಗಳನ್ನೇ ಹಾಕಿ ಮತ್ತೆ ಮತ್ತೆ ಓಡಿಸಿದೆ.

ಎಂಟು ಗಂಟೆಯ ಸಾಲು ಈಗ ಗಿಡ್ಡವಾಗಿದೆ, ಪೂರ್ತಿ ಕರಗಿಲ್ಲ. ರಾತ್ರಿ ಶಿಫ್ಟ್‌ನವರೇ ಅರ್ಧ ಮಷಿನ್‌ಗಳ ಸೆಟ್ಟಿಂಗ್ ಮುಗಿಸಿಟ್ಟರೆ ಹೇಗೆ ಅಂತ ಓಡಿಸುತ್ತಿದ್ದೇನೆ. ಈ ಸಲ ಅದನ್ನು ಕೇಳಿದ್ದು ಆ ಹಿರಿಯ ಇನ್‌ಸ್ಪೆಕ್ಟರೇ.